ಮುಂಬೈ ಹತ್ತಿರ, ಬೀದರ್ ದೂರ

ಕೇಳುಗರಿಗೆಲ್ಲ ನಮಸ್ಕಾರ.

ಕಲಬುರಗಿಯಿಂದ ಮುಂಬೈ ಐನೂರೈವತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಬೀದರ್ ಬರೀ ನೂರಾಹತ್ತು. ಆದರೆ ಮುಂಬೈಗೆ ಹೋಗುವ ಹಳಿ 1871ರ ಹೊತ್ತಿಗೇ ಇತ್ತು. ಬೀದರಿಗೆ ನೇರ ಹಳಿ ಬಿದ್ದು ಗಾಡಿ ಓಡಿದ್ದು 2017ರಲ್ಲಿ. ಪಕ್ಕದ ಜಿಲ್ಲೆಗೆ ಹೋಗಲು ನೂರಾ ನಲವತ್ತಾರು ವರ್ಷ ಜಾಸ್ತಿ ಕಾಯಬೇಕಾಯಿತು. ಹೀಗ್ಯಾಕಾಯಿತು ಅನ್ನುವುದೇ ಇವತ್ತಿನ ಮಾತು.

ಮೊದಲು ಹಳಿ ಹಾಕಿದವರ ತಲೆಯಲ್ಲಿ ನಮ್ಮೂರುಗಳು ಇರಲೇ ಇಲ್ಲ. ಅವರಿಗೆ ಬೇಕಾಗಿದ್ದು ಮುಂಬೈ ಮತ್ತು ಮದ್ರಾಸ್, ಎರಡು ಬಂದರು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಬಂತು. ಆ ಕಡೆಯಿಂದ ಮದ್ರಾಸ್ ರೈಲ್ವೆ ಬಂತು. 1871ರಲ್ಲಿ ರಾಯಚೂರಿನಲ್ಲಿ ಎರಡೂ ಕೂಡಿದವು. ಅದಕ್ಕೆ ಸ್ವಲ್ಪ ಮುಂಚೆ, 1861ರಿಂದ 1865ರವರೆಗೆ, ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಿಗದಂತಾಯಿತು. ಆಗ ಕಂಪನಿಗಳ ಕಣ್ಣು ದಖ್ಖನ್ನಿನ ಕಪ್ಪು ಮಣ್ಣಿನ ಮೇಲೆ ಬಿತ್ತು. ಕಲಬುರಗಿ, ಶಹಾಬಾದ್, ಯಾದಗಿರಿ ಇವೆಲ್ಲ ದಾರಿಯಲ್ಲಿ ಸಿಕ್ಕ ಊರುಗಳು. ಸಿಕ್ಕಿದ್ದು ನಮ್ಮ ಪುಣ್ಯ ಅನ್ನಿ.

ಆಗ ಇದೆಲ್ಲ ನಿಜಾಮರ ಸೀಮೆ. ಹೈದರಾಬಾದಿಗೇ ರೈಲು ಇರಲಿಲ್ಲ, ನಮ್ಮಲ್ಲಿ ಇತ್ತು! ಸಿಕಂದರಾಬಾದಿನಲ್ಲಿ ದಂಡು ಇಟ್ಟುಕೊಂಡಿದ್ದ ಬ್ರಿಟಿಷರಿಗೆ ಅಲ್ಲಿಗೊಂದು ರೈಲು ಬೇಕಿತ್ತು. ಖರ್ಚು ಮಾತ್ರ ನಿಜಾಮರ ತಲೆಗೆ. ದಿವಾನರಾಗಿದ್ದ ಸಾಲಾರ್ ಜಂಗ್ ಕಾಲದಲ್ಲಿ, 1874ರಲ್ಲಿ, ಆ ಹಳಿ ಮುಗಿಯಿತು. ಮುಂಬೈ–ಮದ್ರಾಸ್ ದಾರಿಯಿಂದ ಅದು ಕವಲೊಡೆದ ಜಾಗವೇ ವಾಡಿ.

ವಾಡಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಲ್ಲಿ ಕೋಟೆಯಿಲ್ಲ, ದೊಡ್ಡ ಜಾತ್ರೆಯಿಲ್ಲ, ಹಳೇ ಪೇಟೆಯಿಲ್ಲ. ಜಂಕ್ಷನ್ ಆಯಿತು ಅಂತಲೇ ಊರು ಬೆಳೆಯಿತು. ರಾತ್ರಿ ಎರಡು ಗಂಟೆಗೆ ಇಲ್ಲಿ ಇಳಿದು ನೋಡಬೇಕು. ಊರಿಡೀ ಮಲಗಿದ್ದರೂ ಪ್ಲಾಟ್‌ಫಾರಂ ಮಲಗಿರುವುದಿಲ್ಲ. ರಾಯಚೂರು ಕಡೆಯಿಂದ ಬಂದವರು ಹೈದರಾಬಾದ್ ಗಾಡಿಗೆ ಕಾಯುತ್ತಾರೆ. ಸೇಡಂ ಕಡೆಯವರು ಸೊಲ್ಲಾಪುರದ ಗಾಡಿಗೆ ಕಾಯುತ್ತಾರೆ. ಚಾದರ ಹಾಸಿ ಮಲಗಿದವರ ತಲೆದಿಂಬು ಅಂದರೆ ಅವರ ಗಂಟೇ. ಅನೌನ್ಸ್‌ಮೆಂಟ್ ಬಂದ ಕೂಡಲೇ ಯಾರೋ ಒಬ್ಬರು ಎದ್ದು, "ಏ, ನಮ್ದಲ್ಲ, ಮಕ್ಕೋರಿ" ಅಂದು ಎಲ್ಲರನ್ನೂ ಮತ್ತೆ ಮಲಗಿಸುತ್ತಾರೆ. ಈ ಪ್ಲಾಟ್‌ಫಾರಂನಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಯಾರೂ ಯಾರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಇನ್ನು ವ್ಯಾಪಾರ. ಪುಣೆ, ಮುಂಬೈಯ ಹಳೇ ಮನೆಗಳಿಗೆ ಹೋದರೆ ಕಾಲ ಕೆಳಗೆ ನೋಡಿ. ನೀಲಿ-ಬೂದು ಬಣ್ಣದ ನುಣುಪು ಹಾಸುಗಲ್ಲು ಇರುತ್ತದೆ. ಅವರು ಅದನ್ನು ಶಹಾಬಾದಿ ಫರ್ಶಿ ಅಂತಾರೆ. ನಮ್ಮ ಶಹಾಬಾದಿನ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಅದಕ್ಕೆ ಹಾಸಲು ಒಳ್ಳೆಯದು. ಆದರೆ ಕಲ್ಲು ಅಂದರೆ ಭಾರ. ಎತ್ತಿನ ಗಾಡಿಯಲ್ಲಿ ಅದನ್ನು ಎಷ್ಟು ದೂರ ಒಯ್ಯಲಾದೀತು? ಗಣಿಯ ಹತ್ತಿರವೇ ಹಳಿ ಹೋದದ್ದರಿಂದ ಆ ಕಲ್ಲು ದೂರದೂರಿನ ಅಂಗಳ ಸೇರಿತು. ಅದೇ ಸುಣ್ಣಕಲ್ಲಿನ ಮೇಲೆ ಮುಂದೆ ಸಿಮೆಂಟ್ ಬಂತು. ಶಹಾಬಾದ್, ವಾಡಿ, ಮಳಖೇಡ, ಸೇಡಂ, ಕಾರ್ಖಾನೆ ಇರುವ ಊರುಗಳನ್ನು ಹೀಗೆ ಎಣಿಸುತ್ತಾ ಹೋಗಿ, ಎಲ್ಲವೂ ಹಳಿಯ ಪಕ್ಕದಲ್ಲೇ ಇವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಇವತ್ತು ಗೂಡ್ಸ್ ಗಾಡಿಯವರು ಸಿಮೆಂಟಿನಿಂದ ಗುರುತಿಸುತ್ತಾರೆ. ನೃಪತುಂಗ ಏನಂತಿದ್ದನೋ!

ತೊಗರಿ ನಮ್ಮ ಇನ್ನೊಂದು ಹೆಸರು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು. ಇವತ್ತು ಬೇಳೆ ಜಾಸ್ತಿ ಲಾರಿಯಲ್ಲೇ ಹೋಗುತ್ತದೆ, ನಿಜ. ಲಾರಿ ದಾಲ್ ಮಿಲ್ಲಿನ ಬಾಗಿಲಿಗೇ ಬರುತ್ತದೆ, ರೈಲು ಬರುವುದಿಲ್ಲ.

ಹಳಿಯ ಮೇಲೆ ಸರಕಿಗಿಂತ ಜಾಸ್ತಿ ಕಣ್ಣಿಗೆ ಬೀಳುವುದು ಗುಳೆ. ಸುಗ್ಗಿ ಮುಗಿದ ಮೇಲೆ ಯಾದಗಿರಿ ಸ್ಟೇಷನ್ನಿಗೆ ಹೋಗಿ ನೋಡಿ. ಒಂದು ಕುಟುಂಬ ಅಂದರೆ ಒಂದು ಹಾಸಿಗೆ ಸುರುಳಿ, ಒಂದು ಸ್ಟೀಲ್ ಕೊಡ, ಜೋಳದ ಹಿಟ್ಟಿನ ಚೀಲ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಂಟು ದಿನವಾದರೂ ಕೆಡುವುದಿಲ್ಲ. ಕೊಡದ ಒಳಗೆ ಕೂಡ ಏನಾದರೂ ತುಂಬಿರುತ್ತಾರೆ, ಜಾಗ ಸುಮ್ನೆ ಹೋಗಬಾರದಲ್ವಾ? ಬೆಂಗಳೂರು, ಪುಣೆ, ಮುಂಬೈ, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ ಪಯಣ. ಜನರಲ್ ಡಬ್ಬಿಯಲ್ಲಿ ಕೂರಲು ಜಾಗ ಇರುವುದಿಲ್ಲ. ಬಾಗಿಲಿನ ಹತ್ತಿರ, ಪಾಯಖಾನೆಯ ಪಕ್ಕದಲ್ಲಿ, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹೋಗುತ್ತಾರೆ. 2024ರ ಮಾರ್ಚ್‌ನಲ್ಲಿ ಕಲಬುರಗಿಗೆ ವಂದೇ ಭಾರತ್ ಬಂತು. ಸಂತೋಷ. ನಾಡಿನ ರಾಜಧಾನಿಗೆ ಬೇಗ ಮುಟ್ಟಬಹುದು. ಆದರೆ ಆ ಗಾಡಿಯಲ್ಲಿ ಈ ಕೊಡ, ಈ ಸುರುಳಿಗೆ ಜಾಗ ಇಲ್ಲ. ನನ್ನನ್ನು ಕೇಳಿದರೆ, ಹಳೇ ಗಾಡಿಗಳಿಗೆ ಎರಡೆರಡು ಜನರಲ್ ಡಬ್ಬಿ ಜಾಸ್ತಿ ಸೇರಿಸುವುದೇ ದೊಡ್ಡ ಸುದ್ದಿಯಾಗಬೇಕಿತ್ತು.

ಬರುವವರೂ ಇದ್ದಾರೆ, ಬರೀ ಹೋಗುವವರಲ್ಲ. ಹುಣ್ಣಿಮೆಗೆ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಮರಾಠಿ ಭಕ್ತರ ದಂಡೇ ಇಳಿಯುತ್ತದೆ. ಭೀಮಾ–ಅಮರ್ಜಾ ಸಂಗಮದಲ್ಲಿ ಮುಳುಗೆದ್ದು ದತ್ತನ ಪಾದುಕೆಗೆ ಕೈಮುಗಿಯಲು ಬಂದವರು. ಇತ್ತ ಕಲಬುರಗಿಯಲ್ಲಿ ಬಂದೇನವಾಜ್ ಉರುಸಿಗೆ ಹೈದರಾಬಾದ್ ಕಡೆಯಿಂದ, ಶರಣಬಸವೇಶ್ವರರ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ.

ಈಗ ಬೀದರಿಗೆ ಬರೋಣ. ಬೀದರಿಗೆ ರೈಲು ಬಂದದ್ದು 1930ರ ಸುಮಾರಿಗೆ, ವಿಕಾರಾಬಾದ್ ಕಡೆಯಿಂದ. ಆಮೇಲೆ ಅದು ಪರಳಿಗೆ ಮುಂದುವರಿಯಿತು. ಅಂದರೆ ಬೀದರಿನ ಮುಖ ಹೈದರಾಬಾದಿಗೆ. ದವಾಖಾನೆಯಿರಲಿ, ಮದುವೆ ಬಟ್ಟೆಯಿರಲಿ, ಬೀದರಿನವರು ಅತ್ತಲೇ ಹೋದರು. ರೈಲಲ್ಲೇ ಕಲಬುರಗಿಗೆ ಬರಬೇಕೆಂದರೆ ವಿಕಾರಾಬಾದಿಗೆ ಹೋಗಿ, ಅಲ್ಲಿಂದ ವಾಡಿಗೆ ಬಂದು, ಮತ್ತೆ ಇತ್ತ ತಿರುಗಬೇಕು. ನೇರ ದಾರಿಯ ಎರಡು ಪಟ್ಟು. 1956ರಲ್ಲಿ ನಾವೆಲ್ಲ ಕನ್ನಡ ನಾಡಿಗೆ ಸೇರಿದೆವು. ನಕಾಶೆ ಬದಲಾಯಿತು, ಹಳಿ ಬದಲಾಗಲಿಲ್ಲ. ಬೀದರ್–ಕಲಬುರಗಿ ಹಳಿಗೆ ತೊಂಬತ್ತರ ದಶಕದಲ್ಲಿ ಮಂಜೂರಾತಿ ಸಿಕ್ಕರೂ ಕೆಲಸ ಇಪ್ಪತ್ತು ವರ್ಷ ಎಳೆಯಿತು. ಮರಗುತ್ತಿಯ ಹತ್ತಿರ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡಬೇಕಾಯಿತು. ಕೊನೆಗೆ 2017ರ ಅಕ್ಟೋಬರ್ 29ಕ್ಕೆ ಬೀದರಿನಲ್ಲಿ ಪ್ರಧಾನಿಗಳು ಉದ್ಘಾಟನೆ ಮಾಡಿದರು. ಹುಮನಾಬಾದ್, ಕೆಂಪು ಬಾಳೆಯ ಕಮಲಾಪುರ, ಎರಡಕ್ಕೂ ರೈಲು ಬಂತು.

ಹಳಿ ಕೂಡಿತು, ಕಚೇರಿಗಳು ಕೂಡಲಿಲ್ಲ. ಕಲಬುರಗಿ ಸ್ಟೇಷನ್ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದ್ದು. ಯಾದಗಿರಿ ಗುಂತಕಲ್ಲಿಗೆ. ಬೀದರ್ ಸಿಕಂದರಾಬಾದಿಗೆ. ಮೂರು ಜಿಲ್ಲೆಗೆ ಮೂರು ಯಜಮಾನರು, ಮೂವರೂ ಬೇರೆ ರಾಜ್ಯದಲ್ಲಿ. ಪ್ಲಾಟ್‌ಫಾರಂನಲ್ಲಿ ಒಂದು ನಳ ಕೆಟ್ಟರೂ ಅರ್ಜಿ ಗಡಿ ದಾಟಬೇಕು. ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಮಂತ್ರಿಗಳಾಗಿದ್ದಾಗ, 2014ರಲ್ಲಿ, ಕಲಬುರಗಿ ವಿಭಾಗದ ಘೋಷಣೆಯಾಯಿತು. ಆಮೇಲೆ ಅದಕ್ಕಾಗಿ ಎಷ್ಟು ಧರಣಿ, ಎಷ್ಟು ಮನವಿ ಪತ್ರ ಆದವೋ ನಿಮಗೇ ಗೊತ್ತು.

ವಿಭಾಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಬರುವ ತನಕ ಸುಮ್ನೆ ಕೂರಬೇಕಾಗಿಯೂ ಇಲ್ಲ. ಹುಮನಾಬಾದಿನ ಹುಡುಗಿ ಬೆಳಿಗ್ಗೆ ಕಲಬುರಗಿಯ ಕಾಲೇಜಿಗೆ ಬಂದು, ಸಂಜೆ ಕತ್ತಲಾಗುವ ಮುಂಚೆ ಮನೆ ಸೇರುವ ಹಾಗೆ ಪ್ಯಾಸೆಂಜರ್ ಗಾಡಿಗಳ ಸಮಯ ಇಡಿ ಅಂತ ಮೊದಲು ಕೇಳೋಣ. ಅದಕ್ಕೆ ಹೊಸ ಹಳಿ ಬೇಡ, ಹೊಸ ಸುರಂಗ ಬೇಡ. ಟೈಮ್ ಟೇಬಲ್ ತಿದ್ದಿದರೆ ಸಾಕು.

ನಮಸ್ಕಾರ.