ಮಳೆಗಾಲ ಬರುವ ಮೊದಲು: ಹಳೆಯ ವಿಡಿಯೋ ಗೇಮ್‌ಗಳ ಜೋಪಾನ

ಕೇಳುಗರಿಗೆ ನಮಸ್ಕಾರ.

ಕಾಫಿ ಕೊಯ್ಲು ಮುಗಿಯುತ್ತಾ ಬಂದಿದೆ. ಕಣದಲ್ಲಿ ರೊಬಸ್ಟಾ ಒಣಗುತ್ತಿದೆ, ಬಿಸಿಲು ಚೆನ್ನಾಗಿದೆ. ಬೀರುವಿನ ಮೇಲೆ ಕುಳಿತಿರುವ ಆ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಕೆಳಗಿಳಿಸಲು ಇದೇ ಸರಿಯಾದ ಸಮಯ. ಯಾವ ಪೆಟ್ಟಿಗೆ ಎಂದು ನಲವತ್ತರ ಆಸುಪಾಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್, ಎರಡು ಕಂಟ್ರೋಲರ್, ಆಟಗಳಿರುವ ಒಂದಿಷ್ಟು ಕ್ಯಾಸೆಟ್, ಕೈಯಲ್ಲಿ ಹಿಡಿದು ಆಡುವ ಒಂದು ಬ್ರಿಕ್ ಗೇಮ್, ಮತ್ತು ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಬಂದೂಕು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಪೂಜೆ ಕಾಣದ ಕೋವಿ ನಮ್ಮ ಮನೆಗಳಲ್ಲಿ ಇದ್ದರೆ ಅದೊಂದೇ.

ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಬಿಡುಗಡೆ ಮಾಡಿದ್ದು 1983ರಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಿಗೆ ಬಂದವುಗಳಲ್ಲಿ ಹೆಚ್ಚಿನವು ಅದರ ನಕಲುಗಳು. ನಕಲು ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ನಮ್ಮ ಬಾಲ್ಯ ಕಳೆದದ್ದು ಅದರ ಮುಂದೆ, ಹಾಗಾಗಿ ಕಾಪಾಡಬೇಕಾದದ್ದೂ ಅದನ್ನೇ.

ಬೇರೆ ಊರಿನ ಸಂಗ್ರಾಹಕರು ಧೂಳಿಗೆ, ಬಿಸಿಲಿಗೆ ಹೆದರುತ್ತಾರೆ. ಕೊಡಗಿನವರು ಹೆದರಬೇಕಾದದ್ದು ಗಾಳಿಯಲ್ಲಿರುವ ನೀರಿಗೆ. ಇಂತಹ ವಸ್ತುಗಳಿಗೆ ಹಿತವಾದ ತೇವಾಂಶ ಶೇಕಡಾ 40ರಿಂದ 50. ಮಳೆ ಜೋರಾಗಿರುವ ಕಕ್ಕಡ ಮಾಸದಲ್ಲಿ ನಮ್ಮಲ್ಲಿ ಅದು 90 ದಾಟಿ ನಿಲ್ಲುತ್ತದೆ. ಕುಶಾಲನಗರದವರು ಸ್ವಲ್ಪ ನಿರಾಳವಾಗಿರಬಹುದು, ಭಾಗಮಂಡಲದವರಿಗೆ ಆ ಭಾಗ್ಯವಿಲ್ಲ. ಬಟ್ಟೆಗೆ, ಬೆಲ್ಟಿಗೆ ಬೂಷ್ಟು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಕ್ಯಾಸೆಟ್ಟಿನೊಳಗಿನ ತಾಮ್ರಕ್ಕೆ ಕಿಲುಬು ಹಿಡಿಯುವುದು ಕಾಣುವುದೇ ಇಲ್ಲ.

ಪರಿಹಾರ ಸುಲಭ. ರಬ್ಬರ್ ಅಂಚಿರುವ, ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬ ಸಾಕು. ಆದರೆ ಅದನ್ನು ಯಾವಾಗ ಮುಚ್ಚುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. ಬಹಳ ಜನ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೇಲೆ, ಗಡಿಬಿಡಿಯಿಂದ ಎಲ್ಲವನ್ನೂ ಡಬ್ಬಕ್ಕೆ ತುಂಬುತ್ತಾರೆ. ಸರಿಯಾಗಿ ಒಣಗದ ಕಾಫಿಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಏನಾಗುತ್ತದೆ ಎಂದು ಬೆಳೆಗಾರರಿಗೆ ನಾನು ಹೇಳಬೇಕೇ? ಇಲ್ಲಿಯೂ ಅದೇ ಕಥೆ. ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ಈಗ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದಕ್ಕೂ ಮೊದಲು, ಒಣಹವೆಯ ಮಧ್ಯಾಹ್ನದಲ್ಲಿ ಮುಚ್ಚಿಬಿಡಿ. ಹಳೆಯ ರಟ್ಟಿನ ಪೆಟ್ಟಿಗೆಯ ಮೇಲೆ ಚೆಂದದ ಚಿತ್ರವಿದ್ದರೆ ಅದನ್ನು ಮಡಚಿ ಬೇರೆಯಾಗಿ ಇಡಿ. ರಟ್ಟು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬಣ್ಣ ಬದಲಾಗುವ ಜಾತಿಯದ್ದನ್ನೇ ಕೊಳ್ಳಿ. ನೀಲಿ ಹರಳು ತೇವ ಹೀರಿದಾಗ ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣ ಇರುತ್ತದೆ. ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದೇ ವಾಸಿ, ಅದು ಹಸಿರಿಗೆ ತಿರುಗುತ್ತದೆ. ಬಣ್ಣ ತಿರುಗಿದ ಮೇಲೆ ಸುಮಾರು 120 ಡಿಗ್ರಿ ಶಾಖದಲ್ಲಿ ಹರಳುಗಳನ್ನು ಒಣಗಿಸಿದರೆ ಮತ್ತೆ ಬಳಸಬಹುದು. ಜೊತೆಗೆ ಒಂದು ಪುಟ್ಟ ತೇವಾಂಶ ಮಾಪಕವನ್ನೂ ಒಳಗೆ ಇಟ್ಟರೆ ಅನುಮಾನ ಬಂದಾಗಲೆಲ್ಲ ಮುಚ್ಚಳ ತೆರೆಯುವ ಚಟ ತಪ್ಪುತ್ತದೆ.

ನಮ್ಮ ಹಿರಿಯರ ಎರಡು ಉಪಾಯಗಳ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ, ನಿಜ. ಆದರೆ ಹೊಗೆಯ ಜಿಡ್ಡು ಸರ್ಕ್ಯೂಟಿನ ಮೇಲೆ ಕೂತರೆ ಬಿಡಿಸಲು ಬರುವುದಿಲ್ಲ. ಅಲ್ಲಿ ಮೆಣಸು, ಏಲಕ್ಕಿ ಇರಲಿ, ವಿಡಿಯೋ ಗೇಮ್ ಬೇಡ. ಇನ್ನೊಂದು, ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸುವುದು. ಹಳೆಯ ತಂತಿ ಬಲ್ಬಿನ ಕಾವಿನಿಂದ ಒಳಗಿನ ತೇವಾಂಶ ಇಳಿಯುತ್ತಿತ್ತು. ಈಗಿನ ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಅಷ್ಟು ಕಾವು ಕೊಡುವುದಿಲ್ಲ. ಅದನ್ನು ಬೀರುವಿನಲ್ಲಿ ಉರಿಸಿದರೆ ಬೂಷ್ಟು ಎಲ್ಲಿದೆ ಎಂದು ನೋಡಲು ಅನುಕೂಲ, ಅಷ್ಟೇ. ನುಸಿಗುಳಿಗೆಯನ್ನಂತೂ ಹಾಕಲೇಬೇಡಿ. ಅದರ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಒಳಗಿಡುವ ಮೊದಲು ಒಂದೊಂದನ್ನೂ ಸ್ವಚ್ಛ ಮಾಡಬೇಕು. ಕ್ಯಾಸೆಟ್ಟಿನ ಹಿಂಭಾಗದ ಸ್ಕ್ರೂ ಬಿಚ್ಚಿದರೆ ಒಳಗೆ ಅಂಗೈಗಿಂತ ಚಿಕ್ಕದಾದ ಹಸಿರು ಹಲಗೆ ಕಾಣುತ್ತದೆ. ನಕಲು ಕ್ಯಾಸೆಟ್ಟಾದರೆ ಅದರ ನಡುವೆ ಕಪ್ಪು ರಾಳದ ಗುಳ್ಳೆಯೊಂದು ಇರುತ್ತದೆ. ಇಡೀ ಆಟ ಆ ಗುಳ್ಳೆಯಡಿಯ ಎಲೆಕ್ಟ್ರಾನಿಕ್ ಚಿಪ್‌ನಲ್ಲಿದೆ. ಕೆಳ ಅಂಚಿನಲ್ಲಿ ಸಾಲಾಗಿ ಲೋಹದ ಪಟ್ಟಿಗಳು, ಫ್ಯಾಮಿಕಾಮ್ ಜಾತಿಯದ್ದಾದರೆ ಒಟ್ಟು 60. ಇಯರ್‌ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಪಟ್ಟಿಗಳ ಉದ್ದಕ್ಕೆ ಮೇಲಿಂದ ಕೆಳಗೆ ಒರೆಸಿ. ಹತ್ತಿ ಕಪ್ಪಾಗುತ್ತಲೇ ಇರುತ್ತದೆ. ಕಪ್ಪಾಗುವುದು ನಿಲ್ಲುವ ತನಕ ಇಯರ್‌ಬಡ್ ಬದಲಾಯಿಸುತ್ತಾ ಹೋಗಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಇದೆ, ಅಂಟೂ ಇದೆ. ಇನ್ನು ಬಾಯಿಯಿಂದ ಊದುವುದು. ನಾವೆಲ್ಲರೂ ಊದಿದವರೇ. ಊದಿದಾಗ ಒಳಗೆ ಹೋಗುವುದು ಎಂಜಲಿನ ತೇವ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಎಚ್ಚರಿಸಿತ್ತು. ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕಿದಾಗ ಪಟ್ಟಿಗಳು ಸರಿಯಾಗಿ ಕೂತು ಆಟ ಶುರುವಾಗುತ್ತಿತ್ತು, ಹೆಸರು ಮಾತ್ರ ನಮ್ಮ ಉಸಿರಿಗೆ ಬಂತು.

ಬ್ರಿಕ್ ಗೇಮಿನ ಸೆಲ್ಲುಗಳನ್ನು ಇವತ್ತೇ ತೆಗೆಯಿರಿ. ಆಗಲೇ ಸೋರಿದ್ದರೆ, ಅದು ಆಲ್ಕಲೈನ್ ಸೆಲ್ ಆಗಿದ್ದ ಪಕ್ಷದಲ್ಲಿ ಸೋರಿದ್ದು ಕ್ಷಾರ. ಒಂದೆರಡು ಹನಿ ಬಿಳಿ ವಿನೆಗರ್‌ನಿಂದ ಒರೆಸಿ, ನಂತರ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ವಿನೆಗರ್ ಎಂದಾಕ್ಷಣ ನಮ್ಮ ಅಡುಗೆಯ ಕಪ್ಪು ಹುಳಿ ಕಾಚಂಪುಳಿಯ ಬಾಟಲಿಗೆ ಕೈ ಹಾಕಬೇಡಿ, ಅದು ಪಂದಿ ಕರಿಗೇ ಇರಲಿ. ಅಗ್ಗದ ಸಾಧಾರಣ ಸೆಲ್ಲಾದರೆ ಸೋರಿದ್ದರಲ್ಲಿ ಆಮ್ಲದ ಗುಣವಿರುತ್ತದೆ, ಅದಕ್ಕೆ ನೀರಿನಲ್ಲಿ ಕಲಸಿದ ಅಡುಗೆ ಸೋಡಾ.

ಕಂಟ್ರೋಲರಿನ ವೈರನ್ನು ಯಂತ್ರಕ್ಕೇ ಬಿಗಿಯಾಗಿ ಸುತ್ತಿ ಇಡುವ ಅಭ್ಯಾಸ ಎಲ್ಲರಿಗೂ ಇದೆ. ವೈರಿನ ಹೊದಿಕೆಯನ್ನು ಮೆತ್ತಗಿಡುವ ರಾಸಾಯನಿಕ ವರ್ಷಗಟ್ಟಲೆ ನಿಧಾನವಾಗಿ ಹೊರಬಂದು, ತಾಗಿಕೊಂಡ ಪ್ಲಾಸ್ಟಿಕ್ಕನ್ನು ಕರಗಿಸಿ ಗೀರು ಮೂಡಿಸುತ್ತದೆ. ಸಡಿಲವಾಗಿ ಸುತ್ತಿ, ನಡುವೆ ಕಾಗದ ಇಡಿ. ರಬ್ಬರ್ ಬ್ಯಾಂಡ್ ಬೇಡ. ಸಿ.ಡಿ.ಗಳಿದ್ದರೆ ಅವುಗಳ ಡಬ್ಬಿಯಲ್ಲೇ ನಿಲ್ಲಿಸಿ ಇಡಿ.

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಗೇಮ್‌ಬಾಯ್ ಇಟ್ಟುಕೊಂಡವರಿಗೆ ಒಂದು ವಿಶೇಷ ಸೂಚನೆ. ಆಡಿದಷ್ಟನ್ನು ಉಳಿಸಿಕೊಳ್ಳುವ ಅದರ ಹಲವು ಕ್ಯಾಸೆಟ್‌ಗಳೊಳಗೆ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಇರುತ್ತದೆ. ಅದು ಮುಗಿದ ದಿನ ನೀವು ಉಳಿಸಿದ ಆಟವೂ ಅಳಿಸಿಹೋಗುತ್ತದೆ. ಬ್ಯಾಟರಿ ಬದಲಾಯಿಸಲು ತೆಗೆದರೂ ಅಷ್ಟೇ. ಆದ್ದರಿಂದ ಮೊದಲು ಕ್ಯಾಸೆಟ್ ಓದುವ ಯುಎಸ್‌ಬಿ ಸಾಧನದಿಂದ ಉಳಿಸಿದ್ದನ್ನು ಕಂಪ್ಯೂಟರಿಗೆ ನಕಲು ಮಾಡಿ, ಆಮೇಲೆ ಬದಲಾಯಿಸಿ. ಬೆಸುಗೆಯ ಕಾವನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರೆ ಅದು ಸಿಡಿಯಬಹುದು. ಮೊದಲೇ ಲೋಹದ ಕಾಲು ಅಂಟಿಸಿರುವ ಬ್ಯಾಟರಿ ಸಿಗುತ್ತದೆ, ಅದನ್ನೇ ತನ್ನಿ.

ಡಬ್ಬ ಮುಚ್ಚುವ ಮೊದಲು ಪ್ರತಿ ಕ್ಯಾಸೆಟ್ಟನ್ನೂ ಒಮ್ಮೆ ಹಾಕಿ ಆಡಿ ನೋಡಿ. ಮಕ್ಕಳು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು, ಒಂದು ಸಂಜೆಯೇ ಹೋದರೂ ಹೋಗಲಿ. ಬಂದೂಕು ಮಾತ್ರ ಹಳೆಯ ಡಬ್ಬ ಟಿವಿಯ ಮುಂದಷ್ಟೇ ಕೆಲಸ ಮಾಡುತ್ತದೆ, ಹೊಸ ಚಪ್ಪಟೆ ಟಿವಿಯ ಮುಂದೆ ಎಷ್ಟು ಗುರಿ ಇಟ್ಟರೂ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಆಡುತ್ತಿರುವಾಗ ದೂರದಲ್ಲಿ ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಟಿವಿಯ ಆಂಟೆನಾ ವೈರನ್ನೂ ಕಿತ್ತುಬಿಡಿ.

ನಮಸ್ಕಾರ.