ನಿಂತ ಕಾರಿನ ಖರ್ಚು

ಎಲ್ಲರಿಗೂ ನಮಸ್ಕಾರ.

ಯಾರಾದರೂ ಹೊಸ ಕಾರು ತಂದರೆ ನಾವು ಮೊದಲು ಏನು ಕೇಳುತ್ತೇವೆ? ‘ಮೈಲೇಜ್ ಎಷ್ಟು ಕೊಡುತ್ತೆ?’ ಬಣ್ಣ ಆಮೇಲೆ, ಏರ್‌ಬ್ಯಾಗ್ ಇನ್ನೂ ಆಮೇಲೆ. ಪೆಟ್ರೋಲ್ ಬಂಕಿನಲ್ಲಿ ಕೊಡುವ ದುಡ್ಡು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಅದೇ ಕಾರಿನ ಖರ್ಚು ಅಂದುಕೊಳ್ಳುತ್ತೇವೆ. ನಾನು ಇವತ್ತು ಮಾತಾಡುವುದು ಕಣ್ಣಿಗೆ ಕಾಣದೆ ಹೋಗುವ ದುಡ್ಡಿನ ಬಗ್ಗೆ. ಕಾರು ಓಡಿದರೂ ಅದು ಹೋಗುತ್ತದೆ, ಮನೆ ಮುಂದೆ ಕವರ್ ಹೊದ್ದು ಮಲಗಿದ್ದರೂ ಹೋಗುತ್ತದೆ.

ಬನ್ನಿ, ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಒಬ್ಬರು ಎಕ್ಸ್-ಶೋರೂಮ್ ಬೆಲೆ, ಅಂದರೆ ಲೈಫ್ ಟ್ಯಾಕ್ಸ್, ವಿಮೆ ಸೇರುವ ಮುಂಚಿನ ಬೆಲೆ, 8 ಲಕ್ಷ ಇರುವ ಪೆಟ್ರೋಲ್ ಕಾರು ತಗೊಂಡರು ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 14. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹೌದು, ತೆರಿಗೆಗೂ ತೆರಿಗೆ. ಅಲ್ಲಿಗೆ 1,24,320 ರೂಪಾಯಿ ಆಯಿತು. ಇನ್ನು ಇನ್ಶೂರೆನ್ಸ್. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಮಾಡಿಸುವ ವಿಮೆಯನ್ನು, ಒಟ್ಟಿಗೇ ಕಟ್ಟಬೇಕು. ಎಲ್ಲ ಸೇರಿ ಕಾರು ರಸ್ತೆಗೆ ಇಳಿಯುವಾಗ ಸುಮಾರು ಒಂಬತ್ತೂ ಮುಕ್ಕಾಲು ಲಕ್ಷ.

ಅದರಲ್ಲಿ 7 ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ. ಇಎಂಐ ಹದಿನಾಲ್ಕೂವರೆ ಸಾವಿರ. ಬಡ್ಡಿ ಎಂದೇ ಹೋಗುವುದು 1 ಲಕ್ಷ 70 ಸಾವಿರದ ಮೇಲೆ.

ದೊಡ್ಡ ಪೆಟ್ಟು ಬೇರೆಯೇ ಇದೆ. ವಿಮೆಯವರು ಕಾರಿಗೆ ಒಂದು ಬೆಲೆ ಕಟ್ಟುತ್ತಾರೆ, ಐಡಿವಿ ಅಂತಾರಲ್ಲ, ಅದು. ಅದಕ್ಕೊಂದು ಪಟ್ಟಿ ಇದೆ. ವರ್ಷ ತುಂಬುವಷ್ಟರಲ್ಲಿ ಶೇ 15 ಕಳೆಯುತ್ತಾರೆ, ಐದನೇ ವರ್ಷದಲ್ಲಿ ಶೇ 50. ಕಳೆಯುವುದೂ ಎಕ್ಸ್-ಶೋರೂಮ್ ಬೆಲೆಯಿಂದ. ನೀವು ಕಟ್ಟಿದ ಟ್ಯಾಕ್ಸ್ ಆ ಲೆಕ್ಕದಲ್ಲೇ ಇಲ್ಲ. ಮಾರುವಾಗ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಆದರೂ ಒಂಬತ್ತೂ ಮುಕ್ಕಾಲು ಲಕ್ಷ ಕೊಟ್ಟವರಿಗೆ ಐದು ವರ್ಷದ ಮೇಲೆ ಉಳಿಯುವುದು 4 ಲಕ್ಷದ ಆಸುಪಾಸು.

ಹೋದ ಬೆಲೆ, ಬಡ್ಡಿ, ವರ್ಷ ವರ್ಷದ ವಿಮೆ, ಸರ್ವಿಸ್, ಒಂದು ಸಲ ಟೈರು, ಬ್ಯಾಟರಿ. ಐದು ವರ್ಷಕ್ಕೆ ಒಟ್ಟು 9 ಲಕ್ಷದ ಹತ್ತಿರ ಬರುತ್ತದೆ. ತಿಂಗಳಿಗೆ 15 ಸಾವಿರ. ಇನ್ನೂ ಒಂದು ಹನಿ ಪೆಟ್ರೋಲ್ ಹಾಕಿಲ್ಲ, ನೆನಪಿರಲಿ.

ಈಗ ಹಾಕೋಣ. ಆಫೀಸು ಹನ್ನೆರಡೂವರೆ ಕಿಲೋಮೀಟರ್ ದೂರ, ತಿಂಗಳಿಗೆ 24 ದಿನ ಓಡಾಟ. ಒಟ್ಟು 600 ಕಿಲೋಮೀಟರ್. ನಮ್ಮ ಟ್ರಾಫಿಕ್‌ನಲ್ಲಿ ಲೀಟರಿಗೆ ಹನ್ನೆರಡು ಬಂದರೆ ಪುಣ್ಯ. ಅಂದರೆ 50 ಲೀಟರ್, ಸುಮಾರು 5 ಸಾವಿರ. ಒಟ್ಟು ತಿಂಗಳಿಗೆ 20 ಸಾವಿರ, ಕಿಲೋಮೀಟರಿಗೆ 33 ರೂಪಾಯಿ. ಮೈಲೇಜ್ ಪ್ರಶ್ನೆ ಮುಟ್ಟುವುದು ಇದರ ಕಾಲು ಭಾಗವನ್ನು ಮಾತ್ರ.

ಪಕ್ಕದಲ್ಲಿ ಆಟೊ ದರ ಇಟ್ಟು ನೋಡಿ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ದರ ಏರಿದ ಮೇಲೂ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅದೇ ಆಫೀಸಿಗೆ ಹೋಗಿ ಬರಲು 450 ರೂಪಾಯಿ, ತಿಂಗಳಿಗೆ 10,800. ‘ಮೀಟರ್ ಹಾಕೋ ಆಟೊ ಎಲ್ಲಿದೆ ಸ್ವಾಮಿ?’ ಅಂತ ನೀವು ನಗುತ್ತಿದ್ದೀರಿ. ಸರಿ, ದಿನಾ ಒಂದೂವರೆ ಮೀಟರ್ ಕೊಡಿ. 16,200 ಆಯಿತು. ಈಗಲೂ ಕಾರಿಗಿಂತ ಕಮ್ಮಿಯೇ! ಡ್ರೈವರ್ ಸಂಬಳವೂ ಅದರಲ್ಲೇ ಸೇರಿತು.

ಮೆಟ್ರೊ ಇನ್ನೂ ಅಗ್ಗ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90ಕ್ಕೆ ಏರಿತು, ಜನ ಸಿಟ್ಟಾದರು, ಆಗಬೇಕಾದ್ದೇ. ಆದರೆ ದಿನಾ ಆ 90ನ್ನೇ ಎರಡು ಸಲ ಕೊಟ್ಟರೂ ತಿಂಗಳಿಗೆ 4,320. ನಮ್ಮ ಪೆಟ್ರೋಲ್ ಖರ್ಚಿಗಿಂತ ಕಮ್ಮಿ. ಮೆಟ್ರೊ ಕಷ್ಟ ದುಡ್ಡಿನದ್ದಲ್ಲ, ಕಾಯುವುದರದ್ದು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಸ್ಟೇಷನ್ನಿಂದ ಮನೆವರೆಗಿನ ಕೊನೆಯ ಎರಡು ಕಿಲೋಮೀಟರಿನ ಪಾಡು ಬೇರೆ.

ಹಾಗಾದರೆ ಕಾರೇ ಬೇಡವಾ? ನಾನು ಹಾಗೆ ಹೇಳುವುದಿಲ್ಲ. ಸಕಲೇಶಪುರದ ಕಡೆ ಒಂಟಿ ಮನೆಯಲ್ಲಿದ್ದು, ಸಂಜೆ ಮೇಲೆ ಬಸ್ಸೇ ಇಲ್ಲದವರಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಬೇಕಾದರೆ ಕಾರು ಬೇಕು, ಅಷ್ಟೇ. ನಾಲ್ಕು ಜನ ಒಟ್ಟಿಗೆ ಓಡಾಡಿದರೆ 33 ರೂಪಾಯಿ ತಲೆಗೆ ಎಂಟೂ ಕಾಲು ಆಗುತ್ತದೆ.

ನನ್ನ ತಕರಾರು ಐದು ವರ್ಷಕ್ಕೊಮ್ಮೆ ಕಾರು ಬದಲಿಸುವ ಚಾಳಿಯ ಬಗ್ಗೆ. ಸಾಲ ತೀರಿದ ದಿನದಿಂದ ಕಾರು ಅಗ್ಗವಾಗತೊಡಗುತ್ತದೆ, ನಾವು ಸರಿಯಾಗಿ ಆಗಲೇ ಮಾರುತ್ತೇವೆ! ರಿಜಿಸ್ಟ್ರೇಷನ್ ಇರುವುದು 15 ವರ್ಷಕ್ಕೆ, ಲೈಫ್ ಟ್ಯಾಕ್ಸ್ ಪೂರ್ತಿ ಕಟ್ಟಿಯಾಗಿದೆ. ಹನ್ನೆರಡು ವರ್ಷ ಓಡಿಸಿ, ಯಾರು ಬೇಡ ಅಂದರು?

ಅಥವಾ ಬೇರೆಯವರು ಮಾರುವ ನಾಲ್ಕು ವರ್ಷದ ಕಾರನ್ನು ನೀವು ತಗೊಳ್ಳಿ. ಹಾಗೆ ತಗೊಳ್ಳುವವರಿಗೆ ಒಂದು ಮಾತು. ಆರ್‌ಸಿ ನಿಮ್ಮ ಹೆಸರಿಗೆ ಆದರೆ ಸಾಲದು, ವಿಮೆಯೂ ಆಗಬೇಕು. ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಇದೆಯಲ್ಲ, ನೋ ಕ್ಲೈಮ್ ಬೋನಸ್, ಹಳೇ ಮಾಲೀಕರ ಆ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಅವರದ್ದು. ಹಾಗಾಗಿ ಪ್ರೀಮಿಯಂ ಅವರು ಕಟ್ಟುತ್ತಿದ್ದುದಕ್ಕಿಂತ ಜಾಸ್ತಿ ಬರುತ್ತದೆ. ಬೆಲೆ ಚೌಕಾಸಿ ಮಾಡುವಾಗಲೇ ಅದನ್ನೂ ಸೇರಿಸಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.