ಹೊಡೆದವರ ಲೆಕ್ಕ, ಕಳೆದುಕೊಂಡವರ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಹಳೇ ಯುದ್ಧವಿಮಾನಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಪೈಲಟ್ ಅಲ್ಲ, ಇಂಜಿನಿಯರ್ ಕೂಡ ಅಲ್ಲ. ಯುದ್ಧವಿಮಾನದ ಕಾಕ್‌ಪಿಟ್‌ನಲ್ಲಿ ಕೂತದ್ದು ಎರಡೇ ಸಲ. ಎರಡು ಸಲವೂ ಅದು ಮ್ಯೂಸಿಯಂ ಅಂಗಳದಲ್ಲಿ ನಿಂತಿತ್ತು. ಅರಳಿಕಟ್ಟೆ ಪಂಡಿತರು ಅಂತಾರಲ್ಲ, ನಾನು ಆ ಜಾತಿಯವನು. ಹಾಗಾಗಿ ಇವತ್ತು ಕಟ್ಟೆ ಪಂಡಿತರಿಗೆ ಬೈದದ್ದೆಲ್ಲ ಮೊದಲು ನನಗೇ ತಗಲುತ್ತದೆ.

ಸುಮಾರು 20 ವರ್ಷದ ಹಿಂದೆ ಒಂದು ಪತ್ರಿಕೆಗೆ ಮಾರುತ್ ವಿಮಾನದ ಬಗ್ಗೆ ಲೇಖನ ಬರೆದೆ. ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜೊತೆ ಸೇರಿ ರೂಪಿಸಿದ ಜೆಟ್ ಫೈಟರ್. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಇಷ್ಟೂ ಸರಿಯಾಗಿಯೇ ಬರೆದಿದ್ದೆ. ಆಮೇಲೆ ಹುರುಪು ಜಾಸ್ತಿಯಾಗಿ, ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತಿತ್ತು ಅಂತ ಒಂದು ಸಾಲು ಸೇರಿಸಿಬಿಟ್ಟೆ. ಯಾವುದೋ ಹಳೇ ಪುಸ್ತಕದಲ್ಲಿ ಓದಿದ್ದೆ. ಅಚ್ಚಾಗಿದೆ ಅಂದಮೇಲೆ ನಿಜವೇ ಇರಬೇಕು, ಅಲ್ವಾ?

ಲೇಖನ ಬಂದ ವಾರದಲ್ಲಿ ಮನೆಗೆ ಫೋನು.

"ಮಾರುತ್ ಬಗ್ಗೆ ಬರೆದೋರು ನೀವೇನಾ?"

"ಹೌದು ಸಾರ್."

"ಅದರ ಇಂಜಿನ್ ಇಳಿಸಿ ಹತ್ತಿಸಿದೋನು ನಾನು. ಅದು ಯಾವತ್ತು ಅಷ್ಟು ಸ್ಪೀಡಲ್ಲಿ ಹೋಗಿತ್ತು, ಸ್ವಲ್ಪ ಹೇಳಿ ನೋಡೋಣ?"

ನಿವೃತ್ತ ಫಿಟ್ಟರ್ ಒಬ್ಬರು. ಮಾರನೇ ಭಾನುವಾರ ಅವರ ಮನೆಗೆ ಹೋದೆ. ಕಾಫಿ ಲೋಟ, ಸಕ್ಕರೆ ಡಬ್ಬಿ ಇಟ್ಟುಕೊಂಡು ಎರಡು ಇಂಜಿನ್ ಪಕ್ಕಪಕ್ಕ ಹೇಗೆ ಕೂರುತ್ತಿದ್ದವು ಅಂತ ತೋರಿಸಿದರು. ಶಬ್ದದ ಎರಡು ಪಟ್ಟು ಅನ್ನುವುದು ವಿನ್ಯಾಸ ಮಾಡುವಾಗ ಇಟ್ಟುಕೊಂಡ ಗುರಿ. ಅದಕ್ಕೆ ಬೇಕಾದ ಇಂಜಿನ್ ಕೊನೆವರೆಗೂ ಸಿಗಲಿಲ್ಲ. ಸಿಕ್ಕಿದ್ದು ಆಫ್ಟರ್‌ಬರ್ನರ್ (ಇನ್ನಷ್ಟು ಇಂಧನ ಉರಿಸಿ ವೇಗ ಹೆಚ್ಚಿಸುವ ಸಾಧನ) ಇಲ್ಲದ ಎರಡು ಆರ್ಫಿಯಸ್ ಇಂಜಿನ್. ಪುಟ್ಟ ನ್ಯಾಟ್ ವಿಮಾನಕ್ಕೆ ಹಾಕುತ್ತಿದ್ದ ಇಂಜಿನ್ನಿನ ಒಡಹುಟ್ಟಿದ್ದು. ಕಾಗದದ ಮೇಲೆ ಹಾರಿದ ವೇಗವನ್ನು ನಾನು ಆಕಾಶಕ್ಕೆ ಹತ್ತಿಸಿದ್ದೆ.

ಕತೆ ಇಲ್ಲಿಗೆ ನಿಲ್ಲಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು ಸುರಂಜನ್ ದಾಸ್ ತೀರಿಕೊಂಡ ದಿನದ ಬಗ್ಗೆ ಹೇಳಿದರು. "68ನೇ ಇಸವಿ, ಮಳೆಗಾಲ. ನಾನು ಶೆಡ್ಡಿನಲ್ಲೇ ಇದ್ದೆ." ಹೇಳುವಾಗ ಕಣ್ಣು ತುಂಬಿಕೊಂಡಿತ್ತು. ಮನೆಗೆ ಬಂದು ನೋಡಿದರೆ ಆ ಅಪಘಾತ ಆದದ್ದು 1970ರ ಜನವರಿ 10. ಬೆಂಗಳೂರಲ್ಲಿ ಜನವರಿಯಲ್ಲಿ ಎಲ್ಲಿಯ ಮಳೆಗಾಲ?

ಅವರು ಸುಳ್ಳು ಹೇಳಲಿಲ್ಲ. ಇಂಜಿನ್ ವಿಷಯದಲ್ಲಿ ಅವರ ಮಾತು ಅಪ್ಪಟ ಬಂಗಾರ. ತಾರೀಖಿನ ವಿಷಯದಲ್ಲಿ ನಂಬುವ ಹಾಗಿಲ್ಲ. ಒಂದೇ ಮನುಷ್ಯ, ಒಂದೇ ಭಾನುವಾರ, ಒಂದೇ ಲೋಟ ಕಾಫಿ. ಇವರು ನಂಬಿಕಸ್ಥರು, ಅವರು ಬುರುಡೆ ಅಂತ ಮನುಷ್ಯರನ್ನೇ ಎರಡು ಗುಂಪು ಮಾಡಿಬಿಡುವುದು ನಮ್ಮ ಕಟ್ಟೆ ಪಂಡಿತರ ಚಟ. ಆ ಚಟ ನನಗೆ ಅವತ್ತಿನಿಂದ ಸ್ವಲ್ಪ ಕಡಿಮೆಯಾಯಿತು. ಈಗ ಪ್ರತಿ ಮಾತಿಗೂ ಒಂದು ಪ್ರಶ್ನೆ ಹಾಕುತ್ತೇನೆ. ಇದನ್ನು ಹೇಳುವವರಿಗೆ ಇದು ಗೊತ್ತಾದದ್ದು ಹೇಗೆ? ಹೀಗೆ ಹೇಳಿದರೆ ಅವರಿಗೆ ಲಾಭವೋ ನಷ್ಟವೋ?

ಈ ಲಾಭ ನಷ್ಟದ ವಿಷಯಕ್ಕೆ ಬರೋಣ. 1940ರ ಸೆಪ್ಟೆಂಬರ್ 15. ಜರ್ಮನ್ ವಿಮಾನಗಳು ಅಲೆ ಅಲೆಯಾಗಿ ಲಂಡನ್ ಮೇಲೆ ಬಂದ ದಿನ. ಆ ದಿನದ ಕಾದಾಟದಲ್ಲಿ 185 ವಿಮಾನ ಉರುಳಿಸಿದ್ದೇವೆ ಅಂತ ಬ್ರಿಟಿಷರು ಸಾರಿದರು. ಯುದ್ಧ ಮುಗಿದು ಜರ್ಮನ್ನರ ಕಡತ ಕೈಗೆ ಬಂದಾಗ ಲೆಕ್ಕ ನೋಡಿದರೆ, ಅವರು ಅವತ್ತು ಕಳೆದುಕೊಂಡದ್ದು ಸುಮಾರು 60. ಮೂರಕ್ಕೆ ಒಂದು.

ಹಾಗಾದರೆ ಪೈಲಟ್‌ಗಳೆಲ್ಲ ಬುರುಡೆ ಬಿಟ್ಟರಾ? ಇಲ್ಲ. ಬ್ರಿಟಿಷರ ಆಗಿನ ಸ್ಪಿಟ್‌ಫೈರ್ ಯುದ್ಧವಿಮಾನದಲ್ಲಿ ಎಂಟು ಮೆಷಿನ್ ಗನ್. ಒತ್ತಿ ಹಿಡಿದರೆ ಗುಂಡೆಲ್ಲ ಸುಮಾರು 15 ಸೆಕೆಂಡಿಗೆ ಖಾಲಿ. ಎದುರಿನ ವಿಮಾನ ಕಣ್ಣಿಗೆ ಸಿಗುವುದು ಎರಡು ಮೂರು ಸೆಕೆಂಡು. ಗುಂಡು ಹಾರಿಸಿದೆ, ಅದು ಕಪ್ಪು ಹೊಗೆ ಬಿಡುತ್ತ ಮೂತಿ ಕೆಳಗೆ ಮಾಡಿ ಮೋಡದೊಳಗೆ ಹೋಯಿತು. ಬಿತ್ತು ಅಂತಲೇ ನನ್ನ ನಂಬಿಕೆ. ಆದರೆ ಜೀವ ಉಳಿಸಿಕೊಳ್ಳಲು ಪೂರ್ತಿ ಥ್ರಾಟಲ್ ಕೊಟ್ಟು ಡೈವ್ ಹೊಡೆದರೂ ಕಪ್ಪು ಹೊಗೆ ಬರುತ್ತದೆ. ಅದೇ ದಿನ ಜರ್ಮನ್ನರ ಒಂದು ಡಾರ್ನಿಯರ್ ಬಾಂಬರ್ ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ ಹತ್ತಿರ ಬಿತ್ತು. ರೇ ಹೋಮ್ಸ್ ಎಂಬ ಪೈಲಟ್ ತನ್ನ ಹರಿಕೇನ್ ವಿಮಾನದಿಂದಲೇ ಅದಕ್ಕೆ ಗುದ್ದಿದ್ದ. ಬಕಿಂಗ್‌ಹ್ಯಾಮ್ ಅರಮನೆ ಉಳಿಸಿದ ವೀರ ಅಂತ ಹೆಸರಾಯಿತು. ಅವನ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅಷ್ಟು ಹೊತ್ತಿಗಾಗಲೇ ಆ ಬಾಂಬರ್‌ಗೆ ಬೇರೆ ಬೇರೆ ಪೈಲಟ್‌ಗಳು ಹೊಡೆದು ಹೊಡೆದು ಅದು ಅರೆಜೀವವಾಗಿತ್ತು. ಹೊಡೆದವರೆಲ್ಲ ಪ್ರಾಮಾಣಿಕವಾಗಿಯೇ 'ನನ್ನದು ಒಂದು' ಅಂತ ಬರೆಸಿದರೆ, ಬಿದ್ದ ಒಂದು ವಿಮಾನ ಲೆಕ್ಕದಲ್ಲಿ ನಾಲ್ಕೈದಾಗುತ್ತದೆ.

ಜರ್ಮನ್ನರ ಕಡತವನ್ನು ಯಾಕೆ ನಂಬಬೇಕು? ಅವರೇನು ಸತ್ಯಹರಿಶ್ಚಂದ್ರನ ವಂಶದವರಲ್ಲ. ತಾವು ಹೊಡೆದದ್ದರ ಬಗ್ಗೆ ಅವರೂ ಧಾರಾಳವಾಗಿಯೇ ಹೇಳಿಕೊಳ್ಳುತ್ತಿದ್ದರು. ಆದರೆ ಈ ಕಡತ ಪೇಪರಿನವರಿಗೆ ಕೊಡಲು ಬರೆದದ್ದಲ್ಲ, ಸರಬರಾಜು ವಿಭಾಗಕ್ಕೆ ಬರೆದದ್ದು. ಹೊಸ ವಿಮಾನ ಬೇಕಾದರೆ ಹಳೆಯದು ಹೋಯಿತು ಅಂತ ತೋರಿಸಲೇಬೇಕು. ದರ್ಶಿನಿಯಲ್ಲಿ ತಿಂಗಳಿಗೆ ಎಷ್ಟು ಲೋಟ ಒಡೆಯುತ್ತವೆ ಅಂತ ಸಪ್ಲೈಯರನ್ನು ಕೇಳಿದರೆ ಒಂದೂ ಇಲ್ಲ ಅಂತಾನೆ. ಹೊಸ ಲೋಟ ತಂದ ಬಿಲ್ ನೋಡಿ, ಗೊತ್ತಾಗುತ್ತದೆ.

ಚಿತ್ರಗಳೂ ಸಾಚಾ ಅಂತ ತಿಳಿಯಬೇಡಿ. ರೆಕ್ಕೆ ತುಂಬ ಕೆಂಪು ಚುಕ್ಕೆ ಇರುವ ಒಂದು ವಿಮಾನದ ಚಿತ್ರ ನಿಮ್ಮ ಫೋನಿಗೂ ಬಂದಿರಬೇಕು. ವಾಪಸ್ ಬಂದ ವಿಮಾನಗಳಲ್ಲಿ ಗುಂಡೇಟು ಇಲ್ಲದ ಕಡೆಗೇ ಕವಚ ಹಾಕಿ, ಅಲ್ಲಿ ಏಟು ತಿಂದವು ವಾಪಸ್ಸೇ ಬಂದಿಲ್ಲ ಅಂತ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಹೇಳಿದರು ಅನ್ನುವ ಕತೆ ಜೊತೆಗಿರುತ್ತದೆ. ವಾಲ್ಡ್ ನಿಜ, 1943ರಲ್ಲಿ ಅವರು ಮಾಡಿದ ಲೆಕ್ಕಾಚಾರ ನಿಜ. ಚಿತ್ರ ಮಾತ್ರ ಈ ಶತಮಾನದ್ದು, ಚುಕ್ಕೆಗಳು ಸುಮ್ನೆ ಊಹೆಯಿಂದ ಇಟ್ಟವು. ಅದನ್ನು ತೋರಿಸಿ "ಇದೇ ಒರಿಜಿನಲ್" ಅನ್ನುವವರು ಎಷ್ಟೋ ಜನ. ಕಪ್ಪು ಬಿಳುಪು ಫೋಟೋಗಳದ್ದು ಇನ್ನೊಂದು ಗೋಳು. ಆಗ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಿರಲಿಲ್ಲ. ಅದರಲ್ಲಿ ಕೆಂಪು, ಹಳದಿ ಎರಡೂ ಕಪ್ಪಗೆ ಬೀಳುತ್ತವೆ, ನೀಲಿ ಬೆಳ್ಳಗಾಗುತ್ತದೆ. ಹಳದಿ ಬಣ್ಣದ ತರಬೇತಿ ವಿಮಾನವನ್ನು ಫೋಟೋದಲ್ಲಿ ನೋಡಿ, ಇದು ಕಡು ಹಸಿರು, ರಾತ್ರಿ ಹಾರಾಟದ್ದು ಅಂತ ವಾದ ಹೂಡಿ ಸ್ನೇಹ ಕಳೆದುಕೊಂಡವರು ನನಗೆ ಗೊತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಇನ್ನು ಬರ್ಮಾದ ಕತೆ. ಇದು ನನಗೆ ಬಹಳ ಇಷ್ಟ, ಯಾಕೆಂದರೆ ಕಟ್ಟೆ ಮೇಲಿನ ಮಾತು ಪ್ರಧಾನಮಂತ್ರಿಯವರೆಗೂ ಹೋದದ್ದು ಇಲ್ಲಿ. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಬಿಚ್ಚದೇ ಇದ್ದ ಸ್ಪಿಟ್‌ಫೈರ್‌ಗಳನ್ನು ಮರದ ಪೆಟ್ಟಿಗೆ ಸಮೇತ ರಂಗೂನಿನ ಮಿಂಗಲಡಾನ್ ವಿಮಾನ ನಿಲ್ದಾಣದಲ್ಲಿ ಹೂತುಬಿಟ್ಟರು ಅಂತ ಒಂದು ಗಾಳಿಸುದ್ದಿ. ಇಂಗ್ಲೆಂಡಿನ ಲಿಂಕನ್‌ಷೈರಿನ ಒಬ್ಬ ರೈತ ಇದರ ಹಿಂದೆ ಬಿದ್ದು ವರ್ಷಗಟ್ಟಲೆ ಅಲೆದ. ಕಂಡಿದ್ದೇವೆ ಅನ್ನುವ ಮುದುಕರು ಸಿಕ್ಕಿದರು. ನೆಲದೊಳಗೆ ಏನೋ ಇದೆ ಅಂತ ಯಂತ್ರವೂ ಹೇಳಿತು. 2012ರ ಏಪ್ರಿಲ್‌ನಲ್ಲಿ ಬರ್ಮಾಕ್ಕೆ ಹೋದ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಅಲ್ಲಿನ ಅಧ್ಯಕ್ಷರ ಹತ್ತಿರ ಇದನ್ನು ಮಾತಾಡಿದರು. ಪೇಪರುಗಳಲ್ಲಿ ಮೊದಲು 20 ಇದ್ದ ಸ್ಪಿಟ್‌ಫೈರ್‌ಗಳು ಕೆಲವೇ ತಿಂಗಳಲ್ಲಿ 140 ಆದವು. ಮಣ್ಣಿನೊಳಗೆ ಮರಿ ಹಾಕುತ್ತಿದ್ದವೋ ಏನೋ!

ಟ್ಯಾಂಕ್ ಯುದ್ಧದ ವಿಡಿಯೋ ಗೇಮ್ ಮಾಡುವ ಒಂದು ಕಂಪನಿ ಖರ್ಚು ಹಾಕಿತು. 2013ರ ಜನವರಿಯಲ್ಲಿ ಪುರಾತತ್ವ ತಜ್ಞರೂ ಹೋದರು. ಉತ್ತರದ ಮಿಚೀನಾದಲ್ಲಿ ಒಂದು ಪೆಟ್ಟಿಗೆ ಸಿಕ್ಕಿದೆ ಅಂತ ಸುದ್ದಿ ಬಂತು. ಒಳಗೆ ಕ್ಯಾಮೆರಾ ಬಿಟ್ಟರೆ ಕೆಸರು ನೀರು. ಮಿಂಗಲಡಾನ್‌ನಲ್ಲಿ ಒಂದೇ ಒಂದು ಸ್ಪಿಟ್‌ಫೈರ್ ಸಿಗಲಿಲ್ಲ.

ಉತ್ತರ ಇದ್ದದ್ದು ಮಣ್ಣಿನಲ್ಲಲ್ಲ, ಲಂಡನ್ನಿನ ಕ್ಯೂ ದಾಖಲೆ ಕೇಂದ್ರದ ಕಪಾಟಿನಲ್ಲಿ. ರಂಗೂನಿನ ಬಂದರಿನಲ್ಲಿ ಸಾಮಾನು ಇಳಿಸಿ ಹತ್ತಿಸುವ ಘಟಕ ಬರೆದಿಟ್ಟ ಪುಸ್ತಕ. ಓದಿದರೆ ನಿದ್ದೆ ಬರುವಂಥದ್ದು. ಅದರ ಪ್ರಕಾರ 1945 ಮತ್ತು 1946ರಲ್ಲಿ ರಂಗೂನಿಗೆ ಹಡಗಿನಲ್ಲಿ ಬಂದ ವಿಮಾನ ಒಟ್ಟು 37, ಮೂರು ಹಡಗುಗಳಲ್ಲಿ. ಪೆಟ್ಟಿಗೆಯಲ್ಲಿ ಬಂದ ಸ್ಪಿಟ್‌ಫೈರ್ ಒಂದೂ ಕಾಣಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು 1946ರಲ್ಲೇ ಹಡಗು ಹತ್ತಿ ವಾಪಸ್ ಹೋಗಿವೆ. ಬಾರದೇ ಇದ್ದ ವಿಮಾನವನ್ನು ಹೂಳುವುದಾದರೂ ಹೇಗೆ? ಆ ಹಳೇ ಗುಮಾಸ್ತನಿಗೆ ಸ್ಪಿಟ್‌ಫೈರ್ ಬಗ್ಗೆ ಯಾವ ಮೋಹವೂ ಇರಲಿಲ್ಲ. ಅವನಿಗೆ ಬೇಕಾದದ್ದು ಲೆಕ್ಕ ತಾಳೆಯಾಗುವುದು, ಸಂಜೆ ಹೊತ್ತಿಗೆ ಮನೆ ಸೇರುವುದು. ಇಂಥವರ ಬರಹ ನನಗೆ ಬಹಳ ಪ್ರೀತಿ.

ಕೆಲವು ಸಲ ವಿಮಾನದ ಮೈಮೇಲಿನ ಬಣ್ಣವೇ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ 'ವಿಚ್‌ಕ್ರಾಫ್ಟ್' ಅಂತ ಹೆಸರು ಬರೆದ ಒಂದು ಬಿ-24 ಲಿಬರೇಟರ್ ಬಾಂಬರ್ ಪ್ರದರ್ಶನಗಳಲ್ಲಿ ವರ್ಷಗಟ್ಟಲೆ ಹಾರಿತು. ಆ ಹೆಸರಿನ ಅಸಲಿ ವಿಮಾನ ಇಂಗ್ಲೆಂಡಿನಿಂದ ಹೊರಟು ಜರ್ಮನಿಯ ಮೇಲೆ ಬಾಂಬು ಹಾಕಿದ್ದು. ಈ ಬಣ್ಣ ಬಳಿದುಕೊಂಡದ್ದು ಬೇರೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಗುಜರಿಯ ಹಾಗೆ ಬಿಟ್ಟುಹೋದ ಲಿಬರೇಟರ್‌ಗಳಲ್ಲಿ ಅದೂ ಒಂದು. ನಮ್ಮ ಎಚ್‌ಎಎಲ್‌ನವರು ಅವುಗಳನ್ನು ಹಾರುವಷ್ಟು ರಿಪೇರಿ ಮಾಡಿದರು. ಜಮ್ಶೆಡ್ ಮುನ್ಷಿ ಎಂಬ ಟೆಸ್ಟ್ ಪೈಲಟ್ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಸಜ್ಜಾಗಿ 1948ರಿಂದ ನಮ್ಮ ವಾಯುಪಡೆ ಸೇರಿದವು, 1968ರವರೆಗೆ ಹಾರಿದವು. ನೋಡಲು ಬಂದವರು ಮೂತಿಯ ಮೇಲಿನ ಹೆಸರು ಓದಿ ಜರ್ಮನಿಯನ್ನು ನೆನೆಸಿಕೊಳ್ಳುತ್ತಾರೆ. ನಮ್ಮ ವಿಮಾನಪುರದ ಯಾರದೋ ತಾತ ಅದಕ್ಕೆ ರಿವೆಟ್ ಹೊಡೆದದ್ದು ಯಾವ ಬಣ್ಣದಲ್ಲೂ ಬರೆದಿರುವುದಿಲ್ಲ.

ಕೊನೆಯದಾಗಿ ಸರ್ಗೋಧಾ. ಇಲ್ಲಿ ಕೂತ ಕೊಡಗಿನವರಿಗೆ ಹೆಸರು ಹೇಳಬೇಕಾಗಿಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ನಮ್ಮ ವಾಯುಪಡೆಯ ಮಿಸ್ಟೇರ್ ಯುದ್ಧವಿಮಾನಗಳ ತಂಡ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಕಡೆ ಹೊರಟಿತು. ದೇವಯ್ಯ ಇದ್ದದ್ದು ಕಾಯ್ದಿಟ್ಟ ಪೈಲಟ್ ಆಗಿ. ಒಂದು ಜಾಗ ಖಾಲಿಯಾಯಿತು, ಇವರು ಹೋದರು. ವಾಪಸ್ ಬರಲಿಲ್ಲ. ಬಂದವರು ಯಾರೂ ಏನಾಯಿತು ಅಂತ ಕಂಡಿರಲಿಲ್ಲ. ನಾಪತ್ತೆ ಅಂತ ಕಡತದಲ್ಲಿ ಬರೆದು ಮುಚ್ಚಿದರು.

ಆ ಯುದ್ಧದಲ್ಲಿ ಪಾಕಿಸ್ತಾನ 104 ವಿಮಾನ ಹೊಡೆದೆವು ಅಂದಿತು, ನಾವು 73 ಅಂದೆವು. ಕಳೆದುಕೊಂಡದ್ದು ಇಷ್ಟು ಅಂತ ಇಬ್ಬರೂ ಒಪ್ಪಿಕೊಂಡದ್ದು ಅದಕ್ಕಿಂತ ಎಷ್ಟೋ ಕಡಿಮೆ. 1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕನ ಪುಸ್ತಕ ಬಂತು. ಪಾಕಿಸ್ತಾನಿ ವಾಯುಪಡೆಯ ನೆರವಿನಿಂದ, ಅವರ ಮಾತು ಕೇಳಿ ಬರೆದದ್ದು. ನಮ್ಮ ಕಟ್ಟೆ ಪಂಡಿತರು ಹಾಳೆ ತಿರುವಿ, ಇದು ಅವರ ತುತ್ತೂರಿ ಅಂತ ಪಕ್ಕಕ್ಕಿಟ್ಟರು. ತುತ್ತೂರಿ ಇತ್ತು, ಸುಳ್ಳಲ್ಲ. ಅದರ ನಡುವೆ ಒಂದು ಘಟನೆಯೂ ಇತ್ತು. ಅವತ್ತು ಬೆಳಗ್ಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಬಿತ್ತು. ಅವರು ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು.

ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗದ್ದು, ಇದು ಕಾಗದದ ಮೇಲಿನ ಲೆಕ್ಕವಲ್ಲ. ಅದನ್ನು ಹಳೇ ಮಿಸ್ಟೇರ್ ಕೆಳಗಿಳಿಸಿತು ಅಂತ ಒಪ್ಪಿಕೊಂಡರೆ ಪಾಕಿಸ್ತಾನಕ್ಕೆ ಏನು ಲಾಭ? ಏನೂ ಇಲ್ಲ, ಮಾನ ಹೋಗುವುದೊಂದೇ. ಅದಕ್ಕೇ ಆ ಮಾತಿಗೆ ಅಷ್ಟು ತೂಕ. ನಮ್ಮ ವಾಯುಪಡೆಯವರು ಅವತ್ತು ಹೋದವರ ಪಟ್ಟಿಯನ್ನು ಎದುರಿಟ್ಟುಕೊಂಡು ಯಾರು ಎಲ್ಲಿದ್ದರು ಅಂತ ಒಬ್ಬೊಬ್ಬರನ್ನೇ ತಾಳೆ ನೋಡಿದರು. ಆ ಮಿಸ್ಟೇರ್‌ನಲ್ಲಿ ಇದ್ದಿರಬಹುದಾದವರು ದೇವಯ್ಯ ಒಬ್ಬರೇ. 1988ರಲ್ಲಿ, 23 ವರ್ಷದ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಆ ಪುಸ್ತಕ ನನ್ನ ಹತ್ತಿರವೂ ಇತ್ತು. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ನಲವತ್ತು ಪುಟ ಓದಿ, ಸಿಟ್ಟು ಬಂದು, ಅಟ್ಟದ ಮೇಲೆ ಹಾಕಿದ್ದೆ.

ಈಗ ನೀವು ಕೇಳಿ. ಅದೇ ದಿನ ಅದೇ ಸರ್ಗೋಧಾದಲ್ಲಿ ಪಾಕಿಸ್ತಾನದ ಒಬ್ಬ ಪೈಲಟ್ ಒಂದು ನಿಮಿಷದೊಳಗೆ ನಮ್ಮ ಐದು ಹಂಟರ್ ಯುದ್ಧವಿಮಾನ ಹೊಡೆದ ಅನ್ನುತ್ತಾರಲ್ಲ, ಅದನ್ನು ಯಾರಾದರೂ ಕೇಳೇ ಕೇಳುತ್ತೀರಿ ಅಂತ ಗೊತ್ತು. ಅದಕ್ಕೇ ಅವತ್ತು ನಾವು ಕಳೆದುಕೊಂಡ ಹಂಟರ್‌ಗಳ ಪಟ್ಟಿ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದೇನೆ.